ಸದ್ದು ಮಾಡದ ಕೂಲರ್

ನನ್ನ ಕಂಪ್ಯೂಟರಿನ ಫ್ಯಾನು ಕೂಗುತ್ತಿದೆ ಅನ್ನುವುದು ನನಗಿಂತ ಮೊದಲು ಗೊತ್ತಾದದ್ದು ನನ್ನ ತಮ್ಮನಿಗೆ. ನಾನು ದಿನವೆಲ್ಲ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತೇನೆ. ಅವನು ಗೋಡೆಯ ಆಚೆ ಇರುತ್ತಾನೆ. ಹೊಳೆನರಸೀಪುರದ ನಮ್ಮ ಮನೆ ಭಾಗವಾದಾಗ ನಡುಮನೆಯ ಮಧ್ಯಕ್ಕೆ ಅವಸರದಲ್ಲಿ ಎಬ್ಬಿಸಿದ ಗೋಡೆ ಅದು, ಒಂದೇ ಇಟ್ಟಿಗೆ ದಪ್ಪ. ಹೊಸ ವೈರಿಂಗ್ ಎಳೆದದ್ದು ಅದೇ ಗೋಡೆಗೆ, ಹಾಗಾಗಿ ನನ್ನ ಮೇಜೂ ಅದಕ್ಕೇ ಒರಗಿಕೊಂಡಿತು.

ದೂರು ಬಂದದ್ದು ಅವ್ವನ ಬಾಯಿಂದ. "ಗ್ವಾಡೆ ಆ ಕಡೀಕೆ ರೈಸ್ ಮಿಲ್ ಇಟ್ಟವ್ರಾ ಅಂತ ನಿನ್ ತಮ್ಮ ಕೇಳ್ತಾವ್ನೆ ಕಣಪ್ಪ," ಅಂದಳು.

"ಊಂ, ರೈಸ್ ಮಿಲ್ಲೇ ಇಟ್ಟಿರೋದು. ಭತ್ತ ಇದ್ರೆ ತರ್ಲಿ ಅಂತ ಅವ್ರಿಗೆ ಯೋಳವ್ವ," ಅಂದೆ.

ನಮ್ಮ ಕಡೆ ಮಾತು ಬಿಡುವುದು ಅಂದರೆ ಬಾಯಿ ಮುಚ್ಚಿಕೊಂಡಿರುವುದು ಅಂತ ಅರ್ಥವಲ್ಲ. ಮಾತು ಬಿಟ್ಟವರು ಉಳಿದವರಿಗಿಂತ ಹೆಚ್ಚೇ ಮಾತಾಡುತ್ತಾರೆ, ಮುಖ ನೋಡಿಕೊಂಡು ಆಡುವುದಿಲ್ಲ ಅಷ್ಟೆ. ಬಾಗಿಲಿಗೆ, ಸೂರಿಗೆ, ಎದುರಿಗೆ ಸಿಕ್ಕ ಕರುವಿಗೆ ಹೇಳುತ್ತಾರೆ. "ಯಾರಾದ್ರೂ ಆ ನಲ್ಲಿ ನಿಲ್ಸುದ್ರೆ ಪುಣ್ಯ ಬತ್ತದೆ," ಅನ್ನುತ್ತಾರೆ. ಇನ್ನೊಂದು ವಿಚಿತ್ರವೆಂದರೆ, ಮಾತು ನಿಂತ ಕೂಡಲೇ ಮರ್ಯಾದೆ ಜಾಸ್ತಿಯಾಗುತ್ತದೆ. ಹುಟ್ಟಿದಾಗಿನಿಂದ "ಅವನು" ಆಗಿದ್ದವನು ರಾತ್ರೋರಾತ್ರಿ "ಅವರು" ಆಗಿಬಿಡುತ್ತಾನೆ. ನನ್ನ ತಮ್ಮನನ್ನು ಎತ್ತಿ ಆಡಿಸಿದವನು ನಾನು. ಈಗ ಅವನು ನನಗೆ "ಅವರು", ನಾನು ಅವನಿಗೆ "ಅವರು". ಹೊರಗಿನವರು ಕೇಳಿದರೆ ಎಂಥ ಗೌರವಸ್ಥ ಮನೆತನ ಅಂದುಕೊಳ್ಳಬೇಕು.

ಜಗಳಕ್ಕೆ ಕಾರಣ ಆಸ್ತಿ ಅಲ್ಲ. ಅಪ್ಪ ನಡೆಸುತ್ತಿದ್ದ ಹಾರ್ಡ್‌ವೇರ್ ಅಂಗಡಿಯಲ್ಲಿ ತಮ್ಮನೇ ಕೂರುತ್ತಿದ್ದ, ಅದು ಅವನಿಗೇ ಹೋಗಲಿ ಅಂತ ನಾನೇ ಅಂದಿದ್ದೆ. ನಾನು ಮದುವೆ ವಿಡಿಯೊ ಮಿಕ್ಸಿಂಗ್ ಮಾಡುವವನು. ಸುತ್ತಲಿನ ಊರುಗಳಲ್ಲಿ ಕ್ಯಾಮೆರಾ ಹಿಡಿಯುವವರು ತಂದುಕೊಟ್ಟದ್ದನ್ನು ಕತ್ತರಿಸಿ, ಜೋಡಿಸಿ, ಹಾಡು ಕೂರಿಸಿ ಕೊಡುವುದು ನನ್ನ ಕೆಲಸ. ಭಾಗದ ದಿನ ಹಿರಿಯರ ಮುಂದೆ ತಮ್ಮ, "ಅಣ್ಣ ಬೊಂಬೆ ನೋಡ್ಕಂಡು ಕೂತಿರ್ತಾನೆ, ಅವನಿಗ್ಯಾಕೆ ಅಂಗಡಿ ಚಿಂತೆ," ಅಂದ. ನಾನು, "ಮೊಳೆ ತೂಗೋನಿಗೆ ಬೊಂಬೆ ಬೆಲೆ ಏನು ಗೊತ್ತಾಯ್ತದೆ," ಅಂದೆ. ಅಷ್ಟೇ. ಅಲ್ಲಿಗೆ ನಿಂತ ಮಾತು ಮತ್ತೆ ಹೊರಡಲಿಲ್ಲ. ಈಗಲೂ ನನಗೆ ನನ್ನ ಮಾತಿನಲ್ಲಿ ತಪ್ಪು ಕಾಣುವುದಿಲ್ಲ. ಮೊದಲು ಅಂದವನು ಅವನು.

ಇದರ ಕಷ್ಟವೆಲ್ಲ ಬಿದ್ದದ್ದು ಅವ್ವನ ಮಂಡಿಯ ಮೇಲೆ. ಅವಳು ಒಂದು ತಿಂಗಳು ನನ್ನಲ್ಲಿ, ಒಂದು ತಿಂಗಳು ಅವನಲ್ಲಿ. ಗೋಡೆಗೆ ಬಾಗಿಲು ಇಟ್ಟಿರಲಿಲ್ಲ. ಈ ಕಡೆ ಮೆಟ್ಟಿಲು ಇಳಿದು, ಬೀದಿಗೆ ಬಂದು, ಆ ಕಡೆ ಮೆಟ್ಟಿಲು ಹತ್ತಬೇಕು. ಯಾರ ಮನೆಯಲ್ಲಿದ್ದರೂ ಮಾತು ದಾಟಿಸುವುದಕ್ಕೆ ಅವಳೇ ಬೇಕು. ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, "ನಾನು ಕಣ್ಮುಚ್ಚೋಕ್ ಮುಂಚೆ ಒಂದ್ಸಲ ಬಾಯ್ಬಿಟ್ಟು ಮಾತಾಡ್ಕಳ್ರಪ್ಪ, ಇನ್ನೇನೂ ಬ್ಯಾಡ ನಂಗೆ," ಅನ್ನುತ್ತಿದ್ದಳು. ಅವಳು ಬೇರೆ ಏನನ್ನೂ ಕೇಳಿದ್ದು ನನಗೆ ನೆನಪಿಲ್ಲ. ನಾನು ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದೆ.

ಇರಲಿ, ಫ್ಯಾನಿನ ವಿಷಯಕ್ಕೆ ಬರುತ್ತೇನೆ. ಕಂಪ್ಯೂಟರಿನ ಪ್ರೊಸೆಸರನ್ನು ಕಂಪನಿಯವರು ಒಂದು ವೇಗಕ್ಕೆ ಗೊತ್ತುಮಾಡಿ ಕಳಿಸಿರುತ್ತಾರೆ. ಕೆಲವು ಪ್ರೊಸೆಸರುಗಳಲ್ಲಿ ಆ ವೇಗವನ್ನು ನಾವೇ ಏರಿಸಿಕೊಳ್ಳಬಹುದು. ಇದಕ್ಕೆ ಓವರ್‌ಕ್ಲಾಕ್ ಅನ್ನುತ್ತಾರೆ. ಚನ್ನರಾಯಪಟ್ಟಣದಲ್ಲಿ ನನ್ನ ಹಾಗೆಯೇ ಮಿಕ್ಸಿಂಗ್ ಮಾಡುವ ಗೆಳೆಯನೊಬ್ಬ ಇದನ್ನು ನನಗೆ ಕಲಿಸಿಕೊಟ್ಟ. ಹಳೆಯ ಮಿಷನ್ನೇ ಹೊಸದರ ಹಾಗೆ ಓಡತೊಡಗಿತು. ಆದರೆ ಓಡಿದವನು ಬೆವರಲೇಬೇಕಲ್ಲ. ಪ್ರೊಸೆಸರಿನ ತಲೆಯ ಮೇಲೆ ಕೂತಿದ್ದ ಸಣ್ಣ ಕೂಲರು ಆ ಶಾಖ ಎಳೆದು ಹಾಕಲಾರದೆ ಒದ್ದಾಡುತ್ತಿತ್ತು. ತಮ್ಮನಿಗೆ ಕೇಳಿಸಿದ ರೈಸ್ ಮಿಲ್ಲು ಅದೇ.

ಬೇಸಿಗೆ ಬಂತು, ಮದುವೆಗಳೂ ಬಂದವು. ಅರಕಲಗೂಡಿನ ಛತ್ರದಲ್ಲಿ ನಡೆದ ಒಂದು ದೊಡ್ಡ ಮದುವೆ ನನ್ನ ಕೈಗೆ ಬಂದಿತ್ತು. ಹುಡುಗಿಯ ತಂದೆ ರಾಮನಾಥಪುರದ ಕಡೆ ಹೊಗೆಸೊಪ್ಪು ಬೆಳೆಯುವವರು. ಹರಾಜಿನಲ್ಲಿ ಕೂಗಿ ಅಭ್ಯಾಸವೋ ಏನೋ, ಫೋನಿನಲ್ಲೂ ಹಾಗೇ ಮಾತಾಡುತ್ತಿದ್ದರು. "ಸಾ, ಮಗಳು ಗಂಡನ ಮನೆಗೆ ಓಗಿದ್ದಾಯ್ತು, ವಾಪಸ್ ಬಂದು ಓಗಿದ್ದೂ ಆಯ್ತು, ನಿಮ್ ವಿಡಿಯೊ ಎಲ್ಲಿ ಸಾ?" ಅವರಿಗೆ ಏನಂತ ಹೇಳುವುದು? ವಿಡಿಯೊ ಪೂರ್ತಿ ಮಾಡಿ ಹೊರತೆಗೆಯುವ ಹೊತ್ತಿಗೆ, ಧಾರೆ ಮುಗಿದು ಆರತಕ್ಷತೆ ಶುರುವಾಗುವ ಜಾಗಕ್ಕೆ ಬಂದ ಕೂಡಲೇ, ಮಿಷನ್ನು ಬಿಸಿ ತಾಳದೆ ತಟ್ಟನೆ ಆಫ್ ಆಗುತ್ತಿತ್ತು. ಮತ್ತೆ ಮೊದಲಿಂದ.

ಹಾಸನದಲ್ಲಿ ಕಂಪ್ಯೂಟರ್ ಸಾಮಾನು ಮಾರುವ ಅಂಗಡಿಯವರಿಗೆ ಫೋನ್ ಮಾಡಿದೆ. ಕೈಯಲ್ಲಿ ಸ್ಕ್ರೂಡ್ರೈವರ್ ಇದ್ದದ್ದರಿಂದ ಸ್ಪೀಕರ್ ಹಾಕಿದ್ದೆ. ಅವರು ಎಲ್ಲ ಕೇಳಿ, "ಇದು ಸಾಫ್ಟ್‌ವೇರ್ ಅಲ್ಲ ಸಾ. ಹಾರ್ಡ್‌ವೇರ್ ಪ್ರಾಬ್ಲಮ್. ಹಾರ್ಡ್‌ವೇರ್ ಹಾಕಿಸ್ದೆ ಇದು ಸರಿ ಹೋಗಲ್ಲ," ಅಂದರು.

ಅವ್ವ ಬಾಗಿಲ ಬಳಿ ಕೂತು ಅಕ್ಕಿ ಆರಿಸುತ್ತಿದ್ದಳು. ನಮ್ಮ ಮನೆಯಲ್ಲಿ ಹಾರ್ಡ್‌ವೇರ್ ಅನ್ನುವ ಪದಕ್ಕೆ ಒಂದೇ ಅರ್ಥ: ಅಪ್ಪನ ಅಂಗಡಿ. ನಾನು ಫೋನ್ ಇಟ್ಟು ನೋಡುವಷ್ಟರಲ್ಲಿ ಮೊರ ಮಾತ್ರ ಇತ್ತು, ಅವ್ವ ಇರಲಿಲ್ಲ. ಆ ಮಂಡಿ ಇಟ್ಟುಕೊಂಡು ಅಷ್ಟು ಬೇಗ ಮೆಟ್ಟಿಲು ಇಳಿದಿದ್ದಳು. ಗೋಡೆಯಾಚೆ ಅವಳು ಗಟ್ಟಿಯಾಗಿ ಹೇಳಿದ್ದು ನನಗೇ ಕೇಳಿಸಿತು. ಮಿಷನ್ನು ಆಗಷ್ಟೇ ಆಫ್ ಆಗಿತ್ತು.

"ನಿಮ್ಮಣ್ಣನ ಕಂಪೂಟ್ರಿಗೆ ಆರ್ಡ್‌ವೇರ್ ಬೇಕಂತೆ ಕಣ್ಲಾ! ಅದಿಲ್ದೆ ಸರಿ ಓಗಕ್ಕಿಲ್ವಂತೆ!"

ತಲೆ ಚಚ್ಚಿಕೊಂಡೆ. ಅವ್ವ ಸ್ವಲ್ಪ ಹೊತ್ತಿಗೆ ಏದುಸಿರು ಬಿಡುತ್ತ ಬಂದಳು. ಮುಖದಲ್ಲಿ ಹಬ್ಬದ ಕಳೆ. "ಯಾವ ಸೈಜು ಅಂತ ಕೇಳ್ದ ಕಣಪ್ಪ. ತಂತಾನೆ ಕೇಳ್ದ. ನಾನೇನೂ ಬಲವಂತ ಮಾಡ್ನಿಲ್ಲ."

"ಅಯ್ಯೋ ಅವ್ವ, ಇದು ಆ ಹಾರ್ಡ್‌ವೇರ್ ಅಲ್ಲ. ಬ್ಯಾರೆ."

"ಆರ್ಡ್‌ವೇರಲ್ಲಿ ಯಾವ ಬ್ಯಾರೆ? ಎಲ್ಲಾ ಕಬ್ಬುಣಾನೆ ಅಲ್ವಾ?"

ನಾನು ವಿವರಿಸಲು ಹೋಗಲಿಲ್ಲ. ಯಾವ ಸೈಜೂ ಬೇಡ ಅಂತ ಅವರಿಗೆ ಹೇಳು ಅಂದೆ. ಅವ್ವ ಮೊರ ತೊಡೆಯ ಮೇಲೆ ಇಟ್ಟುಕೊಂಡು ಮತ್ತೆ ಅಕ್ಕಿ ಆರಿಸತೊಡಗಿದಳು. ಆ ಮಾತನ್ನು ಮಾತ್ರ ಅವಳು ದಾಟಿಸಲಿಲ್ಲ ಅಂತ ನನಗೆ ಆಮೇಲೆ ಗೊತ್ತಾಯಿತು.

ಮರುದಿನ ದೊಡ್ಡ ಕೂಲರು ತರಲು ಹಾಸನಕ್ಕೆ ಬಸ್ಸು ಹತ್ತಿದೆ. ಹೋಗುವ ಮೊದಲು ಮಗಳ ಹಳೆಯ ಸ್ಕೇಲ್ ಹುಡುಕಿ ಕಂಪ್ಯೂಟರಿನ ಕ್ಯಾಬಿನೆಟ್ಟಿನ ಒಳಗನ್ನು ಅಳೆದುಕೊಂಡೆ. ಕೂಲರು ಅಂದರೆ ಪ್ರೊಸೆಸರಿನ ಮೇಲೆ ಕೂರುವ ಒಂದು ಗೋಪುರ. ತಾಮ್ರದ ಕೊಳವೆಗಳು ಶಾಖವನ್ನು ಮೇಲಕ್ಕೆ ಒಯ್ಯುತ್ತವೆ, ಒತ್ತಾಗಿ ಜೋಡಿಸಿದ ಅಲ್ಯೂಮಿನಿಯಂ ತಗಡುಗಳು ಅದನ್ನು ಹರಡುತ್ತವೆ, ಫ್ಯಾನು ಆ ಬಿಸಿಯನ್ನು ಊದಿ ಹೊರಗೆ ಹಾಕುತ್ತದೆ. ಗೋಪುರ ದೊಡ್ಡದಾದಷ್ಟೂ ಫ್ಯಾನು ನಿಧಾನವಾಗಿ ತಿರುಗಿದರೆ ಸಾಕು, ನಿಧಾನವಾಗಿ ತಿರುಗಿದಷ್ಟೂ ಸದ್ದು ಕಮ್ಮಿ. ಆದರೆ ತೀರಾ ಎತ್ತರದ್ದು ತಂದರೆ ಕ್ಯಾಬಿನೆಟ್ಟಿನ ಬಾಗಿಲು ಮುಚ್ಚುವುದಿಲ್ಲ. ಅಗಲದ್ದು ತಂದರೆ ಪಕ್ಕದ ಮೆಮೊರಿ ಪಟ್ಟಿಗಳಿಗೆ ತಗಲುತ್ತದೆ.

ಅಂಗಡಿಯವರು ಮೊದಲು ನೀರಿನದು ತೋರಿಸಿದರು. "ಈಗೆಲ್ಲಾ ಲಿಕ್ವಿಡ್ಡೇ ಸಾ. ಬಣ್ಣಬಣ್ಣದ ಲೈಟು ಬತ್ತದೆ."

ಪೈಪಿನೊಳಗೆ ನೀರು ಸುತ್ತುವ ವ್ಯವಸ್ಥೆ. ಒಳ್ಳೆಯದೇ ಇರಬಹುದು. ಆದರೆ ನನ್ನ ಮಿಷನ್ನಿನ ಹೊಟ್ಟೆಯಲ್ಲಿ ಎಷ್ಟೋ ಮನೆಗಳ ಮದುವೆ ಇರುತ್ತದೆ. ಅದರೊಳಗೆ ನೀರು ಬಿಟ್ಟುಕೊಂಡು ನಾನು ನೆಮ್ಮದಿಯಾಗಿ ಊಟ ಮಾಡಲಾರೆ. ಬೇಡ, ಗಾಳಿಯದೇ ಇರಲಿ ಅಂದೆ. ಆಗ ಎರಡು ಇಟ್ಟರು. ಒಂದು ಒಂಟಿ ಗೋಪುರ, ಒಂದು ಫ್ಯಾನು, ಕೆಲಸಕ್ಕೆ ಸಾಕಾಗುವಂಥದ್ದು. ಇನ್ನೊಂದು ಜೋಡಿ ಗೋಪುರ, ಎತ್ತಿ ನೋಡಿದರೆ ರುಬ್ಬುವ ಕಲ್ಲಿನ ಹಾಗೆ ತೂಕ.

"ನಿಮಗೆ ಇದೇ ಸಾಕು ಸಾ," ಅಂತ ಒಂಟಿಯದನ್ನು ಮುಂದೆ ತಳ್ಳಿದರು.

"ಇದರ ಸದ್ದು ಕೇಳ್ಸಿ," ಅಂದೆ.

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಯಾರೂ ಹಾಗೆ ಕೇಳಿರಲಿಲ್ಲವೇನೋ. ಪೆಟ್ಟಿಗೆ ಒಡೆದು ಫ್ಯಾನಿಗೆ ಕರೆಂಟ್ ಕೊಟ್ಟರು. ಅಂಗಡಿಯ ಮುಂದೆ ಬಸ್ಸು ಆಟೋಗಳ ಹಾರ್ನ್ ಸದ್ದು, ಏನೂ ಕೇಳಲಿಲ್ಲ. ಕೊನೆಗೆ ಇಬ್ಬರೂ ಹಿಂದಿನ ಗೋಡೌನಿಗೆ ಹೋಗಿ ಬಾಗಿಲು ಹಾಕಿಕೊಂಡೆವು. ತೆಂಗಿನಕಾಯಿ ಅಲ್ಲಾಡಿಸಿ ನೋಡುವವರ ಹಾಗೆ ನಾನು ಒಂದೊಂದನ್ನೂ ಕಿವಿಗೆ ಹಿಡಿದು ಕೇಳಿದೆ. ಒಂಟಿಯದು ಪೂರ್ತಿ ವೇಗಕ್ಕೆ ಹೋದಾಗ ಸೀಟಿ ಹೊಡೆಯಿತು. ಜೋಡಿಯದು ಮಲಗಿದವರ ಉಸಿರಿನ ಹಾಗಿತ್ತು.

"ಹೆಡ್‌ಫೋನ್ ಹಾಕ್ತೀನಿ ಅಂತೀರಿ, ನಿಮಗ್ಯಾಕೆ ಸಾ ಸದ್ದಿನ ಚಿಂತೆ?" ಅಂದರು ಅಂಗಡಿಯವರು.

ಪಕ್ಕದ ಮನೆಯವರು ಸರಿ ಇಲ್ಲ ಅಂದುಬಿಟ್ಟೆ. ಸ್ಕೇಲಿನ ಲೆಕ್ಕಕ್ಕೆ ಜೋಡಿಯದು ಒಂದು ಕೂದಲೆಳೆಯಷ್ಟು ಅಂತರದಲ್ಲಿ ಒಳಗೆ ಕೂರುತ್ತಿತ್ತು. ಅದನ್ನೇ ಕಟ್ಟಿಸಿಕೊಂಡು ಬಂದೆ. ತಮ್ಮನಿಗೋಸ್ಕರ ತಂದದ್ದು ಅಂತ ಯಾರಾದರೂ ಅಂದಿದ್ದರೆ ಅವತ್ತು ಅವರಿಗೆ ಸರಿಯಾಗಿ ಬೈಯುತ್ತಿದ್ದೆ.

ಮನೆಗೆ ಬಂದು ಬಿಚ್ಚಿದರೆ ಒಂದು ಸ್ಕ್ರೂ ಇಲ್ಲ. ಗೋಡೌನಿನಲ್ಲಿ ಪೆಟ್ಟಿಗೆ ಒಡೆದಾಗ ಎಲ್ಲೋ ಉರುಳಿರಬೇಕು. ನೆಲವೆಲ್ಲ ತಡಕಿ, ಪೆಟ್ಟಿಗೆ ಬುಡಮೇಲು ಮಾಡಿ, ಗೊಣಗುತ್ತಾ ಕೂತೆ. ಅವ್ವ ಬಂದು, "ಏನಪ್ಪ ಇಲ್ಲ?" ಅಂದಳು. "ಒಂದು ಸ್ಕ್ರೂ," ಅಂದೆ. ಅವ್ವ ನನ್ನನ್ನೇ ನೋಡುತ್ತ ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲು ಇಳಿದಳು.

ತಮ್ಮ ತಾನೇ ಬಂದ. ಭಾಗವಾದ ಮೇಲೆ ಅವನು ನನ್ನ ಹೊಸ್ತಿಲು ತುಳಿದದ್ದು ಅದೇ ಮೊದಲು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಅಪ್ಪನ ಕಾಲದ ಬಿಸ್ಕತ್ ಡಬ್ಬ, ಅದರ ತುಂಬ ಸ್ಕ್ರೂ. ನನ್ನ ಕಡೆ ನೋಡದೆ ನೆಲಕ್ಕೆ ಕೂತು, "ಇರೋ ಸ್ಕ್ರೂ ಒಂದು ಕೊಟ್ರೆ ಜೊತೆ ಹುಡುಕ್ಬೋದಂತೆ," ಅಂತ ಡಬ್ಬಕ್ಕೆ ಹೇಳಿದ. ನಾನು ಒಂದನ್ನು ಅವ್ವನ ಕೈಗೆ ಕೊಟ್ಟೆ, ಅವ್ವ ಅವನ ಕೈಗೆ ಕೊಟ್ಟಳು. ಅವನು ಬೆರಳಲ್ಲಿ ಕೆದಕಿ ಕೆದಕಿ ಒಂದನ್ನು ತೆಗೆದ. ಸರಿಯಾಗಿ ಹೊಂದಿತು.

ಅಲ್ಲಿಗೆ ಮುಗಿಯಲಿಲ್ಲ. ಈ ದೊಡ್ಡ ಕೂಲರುಗಳನ್ನು ಒಬ್ಬನೇ ಹಾಕುವುದು ಕಷ್ಟ. ಪ್ರೊಸೆಸರ್ ಕೂತಿರುವ ಬೋರ್ಡಿನ ಹಿಂದೆ ಒಂದು ಕಬ್ಬಿಣದ ತಟ್ಟೆ ಇಟ್ಟು ಒಬ್ಬರು ಒತ್ತಿ ಹಿಡಿಯಬೇಕು, ಮುಂದಿನಿಂದ ಇನ್ನೊಬ್ಬರು ಸ್ಕ್ರೂ ತಿರುಗಿಸಬೇಕು. ಹಿಂದಿನವರಿಗೆ ಮುಂದಿನದು ಕಾಣುವುದಿಲ್ಲ. ಮಾತಲ್ಲೇ ಹೇಳಬೇಕು.

ಮೊದಲು ಪ್ರೊಸೆಸರಿನ ಮೇಲೆ ಬೂದು ಬಣ್ಣದ ಪೇಸ್ಟ್ ಹಾಕಿದೆ, ಕಾಳಿನಷ್ಟು ಒಂದು ಬೊಟ್ಟು. ಶಾಖ ಸರಾಗವಾಗಿ ಮೇಲೆ ಹೋಗಲಿ ಅಂತ ಹಾಕುವುದು. ಅವ್ವ ಬಗ್ಗಿ ನೋಡಿ, "ಇದೇನಪ್ಪ ಒಂದು ಚುಕ್ಕಿ, ಮೂರು ಎಳೆ ಎಳೀಬಾರ್ದಾ," ಅಂದಳು. ಅವಳಿಗೆ ಬೂದು ಬಣ್ಣದ್ದೆಲ್ಲ ವಿಭೂತಿ. ತಮ್ಮ ಡಬ್ಬದ ಕಡೆ ತಿರುಗಿ ನಗು ನುಂಗಿಕೊಂಡದ್ದು ನನಗೆ ಕಾಣಿಸಿತು. ನಾನೂ ನುಂಗಿಕೊಂಡೆ. ಅವ್ವನ ಮನಸ್ಸಿಗೆ ಅಂತ ಮೂರು ಎಳೆಯನ್ನೇ ಎಳೆದೆ. ಅದರಿಂದ ತೊಂದರೆಯೇನೂ ಆಗಲಿಲ್ಲ. ತಮ್ಮ ತಾನಾಗಿಯೇ ಬೋರ್ಡಿನ ಹಿಂದೆ ಹೋಗಿ ಕೂತ.

"ಅವ್ವ, ಹಿಂದ್ಗಡೆ ತಟ್ಟೆ ಒತ್ತಿ ಹಿಡಿಯೋಕೆ ಯೋಳು."

"ತಟ್ಟೆ ಒತ್ತಿ ಇಡ್ಕಬೇಕಂತೆ ಕಣ್ಲಾ."

"ಹಿಡ್ದಾಗೈತೆ ಅಂತ ಯೋಳವ್ವ."

"ಇಡ್ದವ್ನಂತೆ ಕಣಪ್ಪ."

"ಎಡಕ್ಕೆ ಚೂರು ಜರುಗ್ಸೋಕೆ ಯೋಳು."

"ಯಾರ ಎಡ ಅಂತ ಕೇಳವ್ವ."

ಹೀಗೆ ನಡೆಯಿತು. ನಮ್ಮಿಬ್ಬರ ನಡುವೆ ಒಂದು ಬೋರ್ಡಿನ ದಪ್ಪ ಮಾತ್ರ ಇತ್ತು, ಅವನ ಉಸಿರು ನನಗೆ ಕೇಳುತ್ತಿತ್ತು. ಅವ್ವ ಒಂದು ಸಲ ಅವನ ಕಡೆ, ಒಂದು ಸಲ ನನ್ನ ಕಡೆ ತಿರುಗಿ ತಿರುಗಿ ಸುಸ್ತಾದಳು. ಅಷ್ಟರಲ್ಲಿ ಆ ತೂಕದ ಗೋಪುರ ನನ್ನ ಕೈಯಿಂದ ಜಾರಿತು. ಬಿದ್ದಿದ್ದರೆ ಬೋರ್ಡೇ ಎರಡಾಗುತ್ತಿತ್ತು. ನಾನೂ ಕಿರುಚಿದೆ, ಅವನೂ ಕಿರುಚಿದ. ಇಬ್ಬರ ಬಾಯಿಂದಲೂ ಒಟ್ಟಿಗೇ ಬಂದದ್ದು ಒಂದೇ ಪದ: "ಅವ್ವಾ!"

ಅವನು ಹಿಂದಿನಿಂದ ಕೈ ಚಾಚಿ ಗೋಪುರ ಹಿಡಿದುಕೊಂಡ. ನಾನು ಸ್ಕ್ರೂ ತಿರುಗಿಸಿದೆ. ಉಳಿದದ್ದನ್ನೂ ಹಾಗೇ ಮುಗಿಸಿದೆವು. ಅವನು ಕೈ ಒರೆಸಿಕೊಂಡು, ಡಬ್ಬ ಎತ್ತಿಕೊಂಡು, ಬಾಗಿಲಿಗೆ "ಬತ್ತೀನಿ" ಅಂದು ಹೋದ. ಕಾಫಿ ಕುಡಿದು ಹೋಗು ಅನ್ನಬೇಕು ಅನಿಸಿತು. ಆದರೆ ಹೋಗು ಅನ್ನಬೇಕೋ, ಹೋಗಿ ಅನ್ನಬೇಕೋ ಗೊತ್ತಾಗಲಿಲ್ಲ. ಅಷ್ಟು ಹೊತ್ತಿಗೆ ಅವನು ಮೆಟ್ಟಿಲು ಇಳಿದಿದ್ದ.

ಅವ್ವ ಗೋಡೆಗೆ ಒರಗಿ ಕೂತಳು. "ಅಷ್ಟು ಅತ್ರ ಬಂದ್ರೂ ಆಡ್ನಿಲ್ವಲ್ರೋ," ಅಂದಳು. ಅವಳ ಕಣ್ಣು ತುಂಬಿತ್ತು. ನನಗೆ ನನ್ನ ಮೇಲೆ ಸಿಟ್ಟು ಬಂತು, ಅವನ ಮೇಲೂ ಬಂತು. ಹೆಡ್‌ಫೋನ್ ಹಾಕಿಕೊಂಡು ಮಿಷನ್ ಆನ್ ಮಾಡಿದೆ.

ಅರಕಲಗೂಡಿನ ಮದುವೆ ಒಂದೇ ಓಟದಲ್ಲಿ ಮುಗಿಯಿತು. ಧಾರೆಯಾಯಿತು, ಆರತಕ್ಷತೆಯಾಯಿತು, ಹುಡುಗಿ ಅಳುತ್ತ ಕಾರು ಹತ್ತುವವರೆಗೂ ಮಿಷನ್ನು ಒಂದು ಸಲವೂ ನಿಲ್ಲಲಿಲ್ಲ. ಶಾಖ ಹಿಡಿತದಲ್ಲಿತ್ತು. ಹುಡುಗಿಯ ತಂದೆ ಬಂದು ಪೆನ್‌ಡ್ರೈವ್ ತೆಗೆದುಕೊಂಡು ಹೋಗುವಾಗ ಮನೆಯೊಳಗೂ ಅದೇ ಹರಾಜಿನ ದನಿಯಲ್ಲಿ ಹೊಗಳಿ ಕೈಮುಗಿದರು.

ತಿಂಗಳು ತಿರುಗಿತು, ಅವ್ವ ಬಟ್ಟೆ ಗಂಟು ಕಟ್ಟಿಕೊಂಡು ಆ ಕಡೆಗೆ ಹೋದಳು. ಅವತ್ತು ಚನ್ನರಾಯಪಟ್ಟಣದ ಒಂದು ನಾಮಕರಣದ ಕೆಲಸ ನಡೆದಿತ್ತು. ಹಾಡು ಕೂರಿಸುವುದೆಲ್ಲ ಮುಗಿದು ಮಿಷನ್ನು ತನ್ನಷ್ಟಕ್ಕೆ ಓಡುತ್ತಿತ್ತು, ಹಾಗಾಗಿ ಹೆಡ್‌ಫೋನ್ ತೆಗೆದಿಟ್ಟಿದ್ದೆ. ಮಧ್ಯಾಹ್ನ. ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು, ಒಳಗೆ ಅನ್ನ ಸಾರು ಮುಚ್ಚಿಟ್ಟಿದ್ದಳು. ಪ್ರೊಸೆಸರು ಪೂರ್ತಿ ವೇಗದಲ್ಲಿದ್ದರೂ ಕೋಣೆಯಲ್ಲಿ ಸದ್ದೇ ಇರಲಿಲ್ಲ. ಮೊದಲಾಗಿದ್ದರೆ ಈ ಹೊತ್ತಿಗೆ ಹಳೆಯ ಫ್ಯಾನು ಕೋಣೆಯನ್ನೆಲ್ಲ ತುಂಬಿಕೊಂಡಿರುತ್ತಿತ್ತು.

ಗೋಡೆಯಾಚೆ ತಟ್ಟೆ ಇಟ್ಟ ಸದ್ದು ಕೇಳಿಸಿತು. ಆಮೇಲೆ ತಮ್ಮನ ದನಿ, ಗಟ್ಟಿಯಾಗೇನಲ್ಲ, ದಿನವೂ ಆಡುವ ಮಾತಿನ ಹಾಗೆ.

"ಅವ್ವ, ಅಣ್ಣ ಉಂಡ್ನಾ?"

"ಉಂಡಿರ್ತಾನೆ, ಉಣ್ಣು ನೀನು. ದಿನಾ ಅದೇ ಕೇಳ್ತೀಯ. ಓಗಿ ಅವನ್ನೇ ಕೇಳ್ಬಾರ್ದಾ?"

"ಕೇಳ್ದೆ ಇದ್ನಾ? ಮೊದಮೊದ್ಲು ಎಷ್ಟ್ ಸಲ ಈ ಗೋಡೆ ತಾವ್ಲೇ ನಿಂತ್ಕಂಡು ಅಣ್ಣಾ ಅಂದಿಲ್ಲ. ಆ ಮಿಷನ್ ಸದ್ದಲ್ಲಿ ಅವನಿಗೆಲ್ಲಿ ಕೇಳ್ತದೆ."

ನಾನು ಮೌಸ್ ಮೇಲೆ ಇಟ್ಟ ಕೈ ತೆಗೆಯಲಿಲ್ಲ. ಅವನು ಆ ಕಡೆಯಿಂದ ಕರೆದಾಗೆಲ್ಲ ನಾನು ಈ ಕಡೆ ಬೇರೆಯವರ ಮನೆಯ ಮದುವೆಗೆ ಹಾಡು ಕೂರಿಸುತ್ತಿದ್ದೆ.

ಗೋಡೆಯ ಕಡೆ ತಿರುಗಿ, "ಇನ್ನೂ ಉಂಡಿಲ್ಲ ಕಣ್ಲಾ," ಅಂದೆ.

ಆಚೆ ಕಡೆ ಮಣೆ ಸರಿದ ಸದ್ದಾಯಿತು. ಆಮೇಲೆ ಅವನ ದನಿ ಬಂತು, ಗೋಡೆಯ ಹತ್ತಿರದಿಂದಲೇ.

"ಅವ್ವ ಬಸ್ಸಾರು ಮಾಡವ್ಳೆ. ಬಾರಣ್ಣ."